ನೀರಿನ ನಡುವೆ ಔಟ್‌ಬೋರ್ಡ್ ಮೋಟಾರ್ ಕೈಕೊಟ್ಟರೆ ಮೊದಲು ಏನನ್ನು ನೋಡಬೇಕು?

ಹೊಸದೋಣಿ:
ಎಲ್ಲರಿಗೂ ನಮಸ್ಕಾರ. ನನ್ನದು 40 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕೂರಿಸುವ ಮೋಟಾರ್. ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ಕಾರ್ಬ್ಯುರೇಟರಿನಿಂದ ಅಲ್ಲ, ಇಂಜೆಕ್ಷನ್‌ನಿಂದ. ಪೆಟ್ರೋಲ್ ಟ್ಯಾಂಕ್ ದೋಣಿಯ ತಳಹಲಗೆಯ ಕೆಳಗೆ ಕೂರಿಸಿದ್ದು. ದಡದಿಂದ ಹೊರಡುವಾಗ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ನಿಧಾನವಾಗಿ ಹೋದರೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಪೂರ್ತಿ ವೇಗಕ್ಕೆ ಏರಿಸಿದರೆ ಮಾತ್ರ ಹತ್ತು ಹದಿನೈದು ನಿಮಿಷದಲ್ಲಿ ಬಲ ಕುಗ್ಗುತ್ತದೆ, ಮುಗ್ಗರಿಸುತ್ತದೆ, ಕೊನೆಗೆ ನಿಂತೇಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನ ನಡುವೆ ಇರುವ, ಕೈಯಿಂದ ಒತ್ತುವ ರಬ್ಬರ್ ಉಂಡೆ) ಒತ್ತಿದರೆ ಮತ್ತೆ ಹತ್ತಿಕೊಳ್ಳುತ್ತದೆ. ವೇಗ ಏರಿಸಿದರೆ ಮತ್ತೆ ಅದೇ ರಾಗ. ಪ್ಲಗ್‌ಗಳು ಹೊಸವು, ಬ್ಯಾಟರಿಯೂ ಹೊಸದು, ಎಚ್ಚರಿಕೆಯ ಬೀಪ್ ಯಾವುದೂ ಬರುವುದಿಲ್ಲ. ಮೆಕ್ಯಾನಿಕ್ ಬಳಿ ಒಯ್ದರೆ ಡ್ರಮ್ಮಿನ ನೀರಿನಲ್ಲಿ ಇಳಿಸಿ ಓಡಿಸಿ, "ಏನೂ ತೊಂದರೆ ಇಲ್ಲವಲ್ಲ" ಎನ್ನುತ್ತಾರೆ. ನೀರಿನ ಮೇಲಿರುವಾಗ, ತೊಂದರೆ ಕಾಣಿಸಿಕೊಂಡ ಗಳಿಗೆಯಲ್ಲೇ, ಏನನ್ನು ಯಾವ ಕ್ರಮದಲ್ಲಿ ನೋಡಬೇಕು?

ಕಡಲಗಾಳಿ:
ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ದೋಣಿ ಎತ್ತ ಸರಿಯುತ್ತಿದೆ ಎಂಬುದನ್ನು. ಮೋಟಾರ್ ನಿಂತ ಕೂಡಲೇ ಎಲ್ಲರೂ ಹಿಂದಕ್ಕೆ ಓಡಿ ಮೇಲ್ಮುಚ್ಚಳ ಬಿಚ್ಚುತ್ತಾರೆ. ಅಷ್ಟರಲ್ಲಿ ಗಾಳಿ ದೋಣಿಯನ್ನು ಬಂಡೆಯ ಕಡೆಗೋ ದೊಡ್ಡ ಹಡಗುಗಳ ದಾರಿಗೋ ತಳ್ಳಿರುತ್ತದೆ. ಆಳ ಕಡಿಮೆ ಇದ್ದರೆ ಲಂಗರು ಇಳಿಸಿ. ಹಗ್ಗವನ್ನು ಆಳದ ಐದರಿಂದ ಏಳು ಪಟ್ಟು ಬಿಡಬೇಕು, ಇಲ್ಲದಿದ್ದರೆ ಲಂಗರು ನೆಲ ಕಚ್ಚದೆ ಉಳುತ್ತಾ ಬರುತ್ತದೆ. ಕಟ್ಟುವುದು ಮುಂಭಾಗಕ್ಕೆ. ಕೆಲಸ ಮಾಡುವುದು ಹಿಂದೆ ಎಂದು ಹಿಂಭಾಗಕ್ಕೆ ಕಟ್ಟಿದರೆ ದೋಣಿ ಅಲೆಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ಮೋಟಾರ್ ಕೂರುವ ಆ ತಗ್ಗಾದ ಪಟ್ಟಿಯ ಮೇಲಿಂದಲೇ ನೀರು ಒಳಗೆ ನುಗ್ಗುತ್ತದೆ. ಲಂಗರು ನೆಲ ಮುಟ್ಟದಷ್ಟು ಆಳವಿದ್ದರೆ ಬಕೆಟ್ಟಿಗೆ ಹಗ್ಗ ಕಟ್ಟಿ ಮುಂಭಾಗದಿಂದ ಬಿಡಿ. ದೋಣಿ ಸರಿಯುವುದು ನಿಲ್ಲುವುದಿಲ್ಲ, ಆದರೆ ಮುಖವನ್ನಾದರೂ ಅಲೆಯ ಕಡೆಗೆ ಹಿಡಿದಿರುತ್ತದೆ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡಿದ್ದಾರೆಯೇ ನೋಡಿ. ಆಮೇಲೆ ಮುಚ್ಚಳ ಬಿಚ್ಚಿ.

ಇನ್ನು ಎಂಜಿನ್ ವಿಷಯ. ಅದು ಹೇಗೆ ನಿಂತಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತರೆ ವಿದ್ಯುತ್ತಿನ ಕಡೆ ನೋಡಿ. ಎದ್ದು ಬಿದ್ದು ತಡವರಿಸಿ ನಿಂತರೆ ಪೆಟ್ರೋಲ್ ಕಡೆ ನೋಡಿ. ಎಂಜಿನ್ ಭೋರೆಂದು ಕೂಗುತ್ತಿದ್ದು ದೋಣಿ ಮಾತ್ರ ಮುಂದೆ ಹೋಗದಿದ್ದರೆ ಪ್ರೊಪೆಲ್ಲರ್. ಬೀಪ್ ಹೊಡೆದು ತಾನಾಗಿಯೇ ವೇಗ ಇಳಿಸಿಕೊಂಡರೆ ಬಿಸಿ ಅಥವಾ ಆಯಿಲ್. ನಿಮ್ಮದು ಎರಡನೆಯದು. ಪ್ಲಗ್, ಬ್ಯಾಟರಿಗೆ ಕೈಹಾಕುವ ಅಗತ್ಯವೇ ಇರಲಿಲ್ಲ.

ಸ್ಪ್ಯಾನರ್:
ಕಡಲಗಾಳಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ಡ್ರಮ್ಮಿನಲ್ಲಿ ಓಡಿಸಿ ನೋಡುವುದರಿಂದ ಈ ತೊಂದರೆ ಗೊತ್ತಾಗುವುದಿಲ್ಲ, ಕಾರಣ ಲೆಕ್ಕದಲ್ಲಿದೆ. ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಂಜಿನ್ ಎಷ್ಟು ಕುಡಿಯುತ್ತದೆ ಎಂಬುದಕ್ಕೆ ಹಳೆಯ ಒಂದು ಅಂದಾಜಿದೆ: ಅಶ್ವಶಕ್ತಿಯನ್ನು ಹತ್ತರಿಂದ ಭಾಗಿಸಿದರೆ ಗಂಟೆಗೆ ಅಷ್ಟು ಅಮೆರಿಕನ್ ಗ್ಯಾಲನ್. ನಿಮ್ಮದಕ್ಕೆ 4 ಗ್ಯಾಲನ್, ಅಂದರೆ ಸುಮಾರು 15 ಲೀಟರ್. ನಿಮಿಷಕ್ಕೆ ಕಾಲು ಲೀಟರ್. ಸುಮ್ಮನೆ ನಿಂತು ಗುರುಗುಡುವಾಗ ಅದರ ಸಣ್ಣದೊಂದು ಪಾಲು ಸಾಕು. ಪೈಪಿನಲ್ಲಿ ಎಲ್ಲೋ ಅರೆಬರೆ ಕಟ್ಟಿಕೊಂಡಿದ್ದರೂ ಆ ಸಣ್ಣ ಪಾಲು ಹಾದುಹೋಗುತ್ತದೆ. ಪೂರ್ತಿ ವೇಗದಲ್ಲಿ ಬರುವುದಕ್ಕಿಂತ ಖರ್ಚು ತುಸು ಹೆಚ್ಚಾಗುತ್ತದೆ, ಎಂಜಿನ್ ಪಕ್ಕದ ಪುಟ್ಟ ಟ್ಯಾಂಕಿನಲ್ಲಿ ಇರುವ ದಾಸ್ತಾನು ನಿಧಾನವಾಗಿ ಕರಗುತ್ತದೆ, ಹತ್ತು ನಿಮಿಷದಲ್ಲಿ ಬರಿದಾಗುತ್ತದೆ. ನಿಂತ ಮೇಲೆ ಪೆಟ್ರೋಲ್ ಜಿನುಗಿ ಬಂದು ಮತ್ತೆ ತುಂಬಿಕೊಳ್ಳುತ್ತದೆ. ನೀವು ಬರೆದ ಲಕ್ಷಣ ಇದೇ.

ಮುಂದಿನ ಸಲ ಬಲ ಕುಗ್ಗಲು ಶುರುವಾದಾಗ ಒಂದೇ ಒಂದು ಕೆಲಸ ಮಾಡಿ. ಜೊತೆಗಿರುವವರು ದೋಣಿ ನಡೆಸಲಿ, ನೀವು ಪ್ರೈಮರ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಅದು ಚಪ್ಪಟೆಯಾಗಿದೆಯೇ, ಮೆತ್ತಗೆ ಗಾಳಿ ತುಂಬಿದಂತಿದೆಯೇ, ಗಟ್ಟಿಯಾಗಿದೆಯೇ? ಇಲ್ಲಿ ಬಂದು ಹೇಳಿ.

ಹಿನ್ನೀರು:
ದೊಡ್ಡ ಎಂಜಿನ್ನುಗಳ ನಡುವೆ ನನ್ನ 5 ಅಶ್ವಶಕ್ತಿಯ ಎರಡು ಸ್ಟ್ರೋಕ್ ಮೋಟಾರಿನದೂ ಒಂದು ಮಾತು. ಸಣ್ಣ ಎಂಜಿನ್ ಇರುವವರು ಯಾವ ಪರೀಕ್ಷೆಗೂ ಮುಂಚೆ ನೋಡಬೇಕಾದ ಮೂರು ಜಾಗಗಳಿವೆ, ಹೇಳಲು ನಾಚಿಕೆಯಾಗುವಷ್ಟು ಸುಲಭದವು. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿತಿರುಪು ಬಿಚ್ಚಿದೆಯೇ? ಅದು ಮುಚ್ಚಿದ್ದರೆ ಪೆಟ್ರೋಲ್ ಹೊರಬಂದಷ್ಟೂ ಒಳಗೆ ನಿರ್ವಾತವಾಗಿ, ಕೆಲವು ನಿಮಿಷದಲ್ಲಿ ಎಂಜಿನ್ ಉಸಿರು ಕಟ್ಟುತ್ತದೆ; ಟ್ಯಾಂಕ್ ಪ್ಲಾಸ್ಟಿಕ್ಕಿನದಾದರೆ ಪಕ್ಕೆ ಒಳಸರಿದಿರುವುದು ಕಣ್ಣಿಗೇ ಕಾಣುತ್ತದೆ. ಎಂಜಿನ್ನನ್ನು ತಕ್ಷಣ ಆರಿಸುವ ಕಿಲ್ ಸ್ವಿಚ್ಚಿನ ಕೆಂಪು ಸುರುಳಿ ಹಗ್ಗದ ಕ್ಲಿಪ್ ಜಾಗದಲ್ಲಿದೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕ್ ಎಂಜಿನ್ನಿನ ಮೇಲೆಯೇ ಇರುವ ಪುಟ್ಟ ಮೋಟಾರಿಗೆ ಪೆಟ್ರೋಲ್ ನಲ್ಲಿಯೂ ಇರುತ್ತದೆ, ಅದು ನಾಲ್ಕನೆಯದು.

ಕ್ಲಿಪ್ ತೆಗೆದಿದ್ದರೂ ಎಷ್ಟೋ ಎಂಜಿನ್ನುಗಳಲ್ಲಿ ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತದೆ, ಕಿಡಿ ಮಾತ್ರ ಬರುವುದಿಲ್ಲ. ಹಾಗಾಗಿ "ತಿರುಗುತ್ತಿದೆ, ಆದರೆ ಹತ್ತುತ್ತಿಲ್ಲ" ಎಂದು ಜನ ಪೆಟ್ರೋಲಿನ ಬೆನ್ನು ಹತ್ತುತ್ತಾರೆ.

ತಂತಿಗೂಡು:
ವಿದ್ಯುತ್ತಿನ ಕಡೆ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ, ಸ್ವಲ್ಪ ಬಿಡಿಸುತ್ತೇನೆ. ಕೀಲಿ ತಿರುಗಿಸಿದಾಗ ಏನೂ ಸದ್ದಿಲ್ಲ, ಮೀಟರ್ ದೀಪವೂ ಇಲ್ಲ: ಬ್ಯಾಟರಿ ಸ್ವಿಚ್, ಮುಖ್ಯ ಫ್ಯೂಸ್, ಟರ್ಮಿನಲ್. ದೀಪವಿದೆ, ಸ್ಟಾರ್ಟರ್ ಮಾತ್ರ ಸುಮ್ಮನಿದೆ: ನ್ಯೂಟ್ರಲ್ ಸ್ವಿಚ್, ಅಂದರೆ ಗೇರಿನಲ್ಲಿದ್ದಾಗ ಸ್ಟಾರ್ಟರ್ ತಿರುಗದಂತೆ ತಡೆಯುವ ಸ್ವಿಚ್. ಗೇರ್ ಹಿಡಿಯನ್ನು ಒಂದೆರಡು ಸಲ ಹಿಂದೆ ಮುಂದೆ ಆಡಿಸಿ ನ್ಯೂಟ್ರಲ್‌ನಲ್ಲಿ ಸರಿಯಾಗಿ ಕೂರಿಸಿದರೆ ಅನೇಕ ಸಲ ಜೀವ ಬರುತ್ತದೆ. ಬರೀ ಟಕ್ ಟಕ್ ಸದ್ದು: ಬ್ಯಾಟರಿ ಸೊರಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಕೈಯಿಂದ ಅಲುಗಾಡಿಸಿದರೆ ಟರ್ಮಿನಲ್ ತಿರುಗಬಾರದು. ರೆಕ್ಕೆ ನಟ್ ಹಾಕಿದವರೇ ಈ ವಿಷಯದಲ್ಲಿ ಹೆಚ್ಚು ಪೇಚಾಡುತ್ತಾರೆ, ಅಲೆಯ ಹೊಡೆತಕ್ಕೆ ಅದು ತಾನಾಗಿ ಸಡಿಲವಾಗುತ್ತದೆ. ಸ್ಪ್ಯಾನರಿನಿಂದ ಬಿಗಿಯುವ ನಟ್ ಹಾಕಿ.

ಮಲ್ಟಿಮೀಟರ್ ಇದ್ದರೆ: ವಿಶ್ರಾಂತಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದನ್ನು ನಂಬಬೇಡಿ. ಎಂಜಿನ್ ಓಡುತ್ತಿರುವಾಗ 13.5ರಿಂದ 14.5ರ ನಡುವೆ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. ಆಗ ಎಂಜಿನ್ ಆರಿಸದೆ ನೇರ ದಡಕ್ಕೆ ಹೊರಡಿ. ಮೀನು ಹುಡುಕುವ ಫಿಶ್‌ಫೈಂಡರ್, ಅಲಂಕಾರದ ಲೈಟು, ಹಾಡಿನ ಪೆಟ್ಟಿಗೆ ಎಲ್ಲ ಬಂದ್. ಸ್ಟಾರ್ಟರನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ, ನಡುವೆ ತಣಿಯಲು ಬಿಡಿ. ಸ್ಟಾರ್ಟರ್ ಸುಟ್ಟುಹೋದರೆ ಒಂದು ತೊಂದರೆ ಎರಡಾಗುತ್ತದೆ.

ಮೀನುಗಾಳ:
ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು ಕಿಡಿ ನೋಡುವ ಪರೀಕ್ಷೆಯನ್ನು ಯಾಕೆ ಯಾರೂ ಹೇಳಲಿಲ್ಲ? ನಮ್ಮ ತಂದೆಯ ಕಾಲದಿಂದಲೂ ಅದನ್ನೇ ಮಾಡುತ್ತಿದ್ದೇವೆ.

ಸ್ಪ್ಯಾನರ್:
ಉದ್ದೇಶಪೂರ್ವಕವಾಗಿಯೇ ಹೇಳಲಿಲ್ಲ. ಹತ್ತು ಸಲ ಸ್ಟಾರ್ಟ್ ಮಾಡಲು ಯತ್ನಿಸಿದ ಎಂಜಿನ್ನಿನ ಸುತ್ತ ಪೆಟ್ರೋಲ್ ಆವಿ ತುಂಬಿರುತ್ತದೆ, ತೆರೆದ ಪ್ಲಗ್ ರಂಧ್ರದಿಂದ ಇನ್ನಷ್ಟು ಹೊರಬರುತ್ತದೆ, ಅಲ್ಲೇ ಪಕ್ಕದಲ್ಲಿ ಕಿಡಿ ಹಾರಿಸುತ್ತೀರಿ. ದಡದಲ್ಲಾದರೆ ಓಡಬಹುದು, ದೋಣಿಯಲ್ಲಿ ಎಲ್ಲಿಗೆ ಓಡುತ್ತೀರಿ? ಪ್ಲಗ್ ಕೇಬಲಿನ ನಡುವೆ ಸಿಕ್ಕಿಸುವ ಪುಟ್ಟ ಟೆಸ್ಟರ್ ಸಿಗುತ್ತದೆ, ಒಳಗಿನ ದೀಪ ಮಿನುಗಿದರೆ ಕಿಡಿ ಇದೆ ಎಂದರ್ಥ.

ಅದೂ ಇಲ್ಲದಿದ್ದರೆ ಪ್ಲಗ್ಗನ್ನು ಬಿಚ್ಚಿ ಮೂಸಿ ನೋಡಿದರೆ ಸಾಕು. ಸ್ಟಾರ್ಟ್ ಆಗದ ಎಂಜಿನ್ನಿನ ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿ ಇಲ್ಲ ಅಥವಾ ಅತಿಯಾಗಿ ತುಂಬಿ ಉಸಿರುಕಟ್ಟಿದೆ. ಒಣಗಿದ್ದರೆ ಇಂಧನವೇ ಬಂದಿಲ್ಲ. ತುದಿಯಲ್ಲಿ ಮಣಿಯಂತೆ ನಿಂತ ಹನಿ ಬೆರಳಿಗೆ ತಾಗಿಸಿದಾಗ ಆರದೆ ಉಳಿದರೆ ಅದು ಪೆಟ್ರೋಲ್ ಅಲ್ಲ, ನೀರು.

ಮೀನುಗಾಳ:
ಸರಿ, ಒಪ್ಪಿದೆ. ಕಾರ್ಬ್ಯುರೇಟರ್ ಎಂಜಿನ್ ಅತಿಯಾಗಿ ತುಂಬಿಕೊಂಡಾಗ ನಾನು ಮಾಡುವುದು: ಚೋಕ್ ಪೂರ್ತಿ ಒಳಗೆ ತಳ್ಳಿ (ಅಂದರೆ ಬಳಸದೆ), ನ್ಯೂಟ್ರಲ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೆಯುವುದು. ಹತ್ತಿಕೊಂಡ ಕೂಡಲೇ ಥ್ರಾಟಲ್ ಇಳಿಸಬೇಕು, ಕೈ ಸಿದ್ಧವಾಗಿರಲಿ. ಬಲ್ಬನ್ನು ಮತ್ತೆ ಮತ್ತೆ ಒತ್ತುವವರೇ ಎಂಜಿನ್ನನ್ನು ಪೆಟ್ರೋಲಿನಲ್ಲಿ ಮುಳುಗಿಸುವುದು. ಗಟ್ಟಿಯಾಯಿತೆಂದರೆ ನಿಲ್ಲಿಸಬೇಕು.

ಹೊಸದೋಣಿ:
ಇಂದು ಮತ್ತೆ ಹೋಗಿದ್ದೆ. ತಮ್ಮನ ಕೈಗೆ ಚುಕ್ಕಾಣಿ ಕೊಟ್ಟು ಬಲ್ಬ್ ಹಿಡಿದು ಕುಳಿತೆ. ಹೊರಟಾಗ ದುಂಡಗೆ, ಸ್ವಲ್ಪ ಮೆತ್ತಗಿತ್ತು. ಪೂರ್ತಿ ವೇಗದಲ್ಲಿ ಕೆಲವು ನಿಮಿಷ ಕಳೆಯುತ್ತಿದ್ದಂತೆ ನಡು ಭಾಗ ಒಳಕ್ಕೆ ಎಳೆದುಕೊಳ್ಳತೊಡಗಿತು, ಎಂಜಿನ್ ಮುಗ್ಗರಿಸುವ ಹೊತ್ತಿಗೆ ಎರಡೂ ಪಕ್ಕೆಗಳು ಒಂದಕ್ಕೊಂದು ಅಂಟಿದ್ದವು. ನಿಂತ ಮೇಲೆ ಒತ್ತಿದರೆ ತಕ್ಷಣ ಉಬ್ಬಲಿಲ್ಲ, ನಿಧಾನವಾಗಿ ಉಸಿರೆಳೆದುಕೊಂಡು ದುಂಡಗಾಯಿತು.

ಸ್ಪ್ಯಾನರ್:
ಹಾಗಾದರೆ ಎಂಜಿನ್ನನ್ನು ಮರೆತುಬಿಡಿ. ಅದರ ಪಂಪ್ ಚೆನ್ನಾಗಿಯೇ ಎಳೆಯುತ್ತಿದೆ, ಇಲ್ಲದಿದ್ದರೆ ಬಲ್ಬ್ ಚಪ್ಪಟೆಯಾಗುತ್ತಿರಲಿಲ್ಲ. ಕಟ್ಟಿಕೊಂಡಿರುವುದು ಬಲ್ಬ್ ಮತ್ತು ಟ್ಯಾಂಕ್ ನಡುವೆ. ಅಲ್ಲಿ ಇರುವುದಾದರೂ ಎಷ್ಟು? ಟ್ಯಾಂಕಿನ ಗಾಳಿಕೊಳವೆ, ಟ್ಯಾಂಕಿನೊಳಗೆ ಇಳಿದಿರುವ ಹೀರುಕೊಳವೆಯ ಜಾಲರಿ, ಟ್ಯಾಂಕಿನ ಬಾಯಲ್ಲಿರುವ ಆಂಟಿ-ಸೈಫನ್ ವಾಲ್ವ್ (ಪೆಟ್ರೋಲ್ ತಾನಾಗಿ ಹರಿದುಬರದಂತೆ ತಡೆಯುವುದು), ಅಲ್ಲಿಂದ ಬರುವ ರಬ್ಬರ್ ಪೈಪ್. ನೀರು ಬೇರ್ಪಡಿಸುವ ಫಿಲ್ಟರ್ ಬಲ್ಬಿಗಿಂತ ಹಿಂದೆ ಇದ್ದರೆ ಅದೂ ಒಂದು.

ಗಾಳಿಕೊಳವೆಯ ಪರೀಕ್ಷೆ ನೀರಿನ ಮೇಲೆಯೇ ಆಗುತ್ತದೆ. ಬಲ ಕುಗ್ಗಿದಾಗ ಎಂಜಿನ್ ಆರಿಸಿ ಪೆಟ್ರೋಲ್ ತುಂಬುವ ಮುಚ್ಚಳ ತೆರೆಯಿರಿ. ಒಳಗೆ ಗಾಳಿ ಹೀರಿಕೊಂಡ ಸದ್ದು ಬಂದು, ಮುಚ್ಚಳ ಸಡಿಲಿಟ್ಟು ಹೊರಟಾಗ ತೊಂದರೆ ಮಾಯವಾದರೆ ಗಾಳಿಕೊಳವೆ ಕಟ್ಟಿದೆ. ಹೊರಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ಸಾಮಾನ್ಯ. ಸದ್ದು ಬರದಿದ್ದರೆ ಉಳಿದವು. ಸಡಿಲ ಮುಚ್ಚಳದಲ್ಲಿ ಅಲೆಯ ನೀರು ಟ್ಯಾಂಕಿಗೆ ಹೋಗಬಾರದು, ಶಾಂತ ನೀರಿನಲ್ಲಿ ಮಾತ್ರ ಇದನ್ನು ಮಾಡಿ.

ಎರಡನೆಯ ಪರೀಕ್ಷೆ ಎಲ್ಲಕ್ಕಿಂತ ಒಳ್ಳೆಯದು. ಎತ್ತಿಕೊಂಡು ಹೋಗುವ ಪುಟ್ಟ ಟ್ಯಾಂಕ್ ಒಂದನ್ನು, ಅದರದೇ ಪೈಪ್ ಮತ್ತು ಬಲ್ಬ್ ಸಮೇತ, ಎಂಜಿನ್ನಿಗೆ ನೇರ ಜೋಡಿಸಿ ಓಡಿಸಿ. ಎಂಜಿನ್ ಪೂರ್ತಿ ವೇಗದಲ್ಲಿ ನಿರಾಳವಾಗಿ ಓಡಿದರೆ ತೊಂದರೆ ನೂರಕ್ಕೆ ನೂರು ದೋಣಿಯ ಟ್ಯಾಂಕಿನ ಕಡೆಯದು.

ಬೇರೆಯವರಿಗೂ ಉಪಯೋಗವಾಗಲಿ ಎಂದು ಉಳಿದೆರಡು ಸ್ಥಿತಿಗಳನ್ನೂ ಹೇಳುತ್ತೇನೆ. ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದೆ ಮೆತ್ತಗೇ ಇದ್ದರೆ ಟ್ಯಾಂಕ್ ಬರಿದಾಗಿದೆ, ಎಲ್ಲೋ ಗಾಳಿ ಒಳಸೇರುತ್ತಿದೆ, ಅಥವಾ ಬಲ್ಬಿನೊಳಗಿನ ವಾಲ್ವ್ ಸತ್ತಿದೆ. ಬಾಣದ ಗುರುತು ಎಂಜಿನ್ನಿನ ಕಡೆಗಿರಬೇಕು. ಒತ್ತುವಾಗ ಎಂಜಿನ್ ಕಡೆಯ ತುದಿಯನ್ನು ಮೇಲೆ ಮಾಡಿ ನೆಟ್ಟಗೆ ಹಿಡಿಯಬೇಕು, ಆಗ ಒಳಗಿನ ವಾಲ್ವ್‌ಗಳು ಸರಿಯಾಗಿ ಕೂರುತ್ತವೆ. ಗಾಳಿ ಸೇರುವ ಮೊದಲ ಜಾಗ ಎಂಜಿನ್ ಬದಿಯ ಕನೆಕ್ಟರಿನ ಓ-ರಿಂಗ್. ಬಲ್ಬ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಎಂಜಿನ್ ಹತ್ತದಿದ್ದರೆ ಪೆಟ್ರೋಲ್ ಎಂಜಿನ್ನಿನ ತನಕ ತಲುಪಿದೆ, ಮುಂದಿನದು ಬೇರೆ ಕತೆ. ಎಂಜಿನ್ ಮುಗ್ಗರಿಸುವಾಗ ಬಲ್ಬ್ ಒತ್ತುತ್ತಲೇ ಇದ್ದರೆ ಸುಧಾರಿಸುತ್ತದೆ, ಬಿಟ್ಟರೆ ಮತ್ತೆ ಕುಗ್ಗುತ್ತದೆ ಎಂದಾದರೆ ಎಂಜಿನ್ನಿನ ಮೇಲಿನ ಪಂಪಿನ ಪೊರೆ ಹರಿದಿರಬಹುದು. ಹಾಗೆ ಒತ್ತುತ್ತಲೇ ದಡ ಸೇರಿದವರು ಬಹಳ ಮಂದಿ ಇದ್ದಾರೆ.

ಹಿನ್ನೀರು:
ಕಾರ್ಬ್ಯುರೇಟರ್ ಇರುವವರಿಗೆ ಇನ್ನೊಂದು ಸುಳಿವು. ಓಡುತ್ತಿರುವ ಎಂಜಿನ್ ತಡವರಿಸಿದಾಗ ಚೋಕನ್ನು ಅರ್ಧ ಎಳೆದು ನೋಡಿ. ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬ್ಯುರೇಟರಿನೊಳಗಿನ ಸಣ್ಣ ತೂತು (ಜೆಟ್) ಅಂಟು ಹಿಡಿದಿದೆ ಅಥವಾ ಪೂರೈಕೆ ಕಡಿಮೆ ಎಂದರ್ಥ. ಇನ್ನಷ್ಟು ಹದಗೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ. ಯಾವ ಸಾಧನವೂ ಬೇಡ.

ದೂರತೀರ:
ನಡುವೆ ನುಗ್ಗುತ್ತಿರುವುದಕ್ಕೆ ಕ್ಷಮಿಸಿ, ನನ್ನದು ಬೇರೆ ತೊಂದರೆ. ಎಂಜಿನ್ ಹಿಂಬದಿಯಿಂದ ಚಿಮ್ಮುವ ನೀರಿನ ಧಾರೆ ಇದ್ದಕ್ಕಿದ್ದಂತೆ ಸಣ್ಣಗಾಗಿ ತೊಟ್ಟಿಕ್ಕತೊಡಗಿತು. ಬೀಪ್ ಇಲ್ಲ. ದಡ ಇನ್ನೂ ಮೂರು ನಾಲ್ಕು ಕಿಲೋಮೀಟರ್. ಹಾಗೇ ಓಡಿಸಿಕೊಂಡು ಬರಬಹುದಿತ್ತೇ?

ಕಡಲಗಾಳಿ:
ಬರಬಾರದು. ಆರಿಸಿ, ಆಮೇಲೆ ಯೋಚಿಸಿ. ಔಟ್‌ಬೋರ್ಡ್ ತಂಪಾಗುವುದು ಹೊರಗಿನ ನೀರಿನಿಂದ. ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ನೀರು ನಿಂತರೆ ಲೋಹ ಕಾಯಲು ಹೆಚ್ಚು ಹೊತ್ತು ಬೇಕಿಲ್ಲ.

ಮೊದಲ ಶಂಕೆ ಪ್ಲಾಸ್ಟಿಕ್ ಚೀಲ ಅಥವಾ ಜೊಂಡು. ಎಂಜಿನ್ನಿನ ಕೆಳಕಾಲಿನ ಎರಡೂ ಬದಿಯಲ್ಲಿ ಸಣ್ಣ ಸೀಳುಗಳಿವೆ, ನೀರು ಒಳಹೋಗುವುದು ಅಲ್ಲಿಂದ. ಚೀಲ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಎಂಜಿನ್ ಆರಿಸಿದ ಕೂಡಲೇ ಹೀರುವ ಬಲ ತಪ್ಪಿ ಚೀಲ ತಾನಾಗಿ ಕಳಚಿಕೊಳ್ಳುವುದೂ ಉಂಟು, ಮೋಟಾರ್ ಮೇಲೆತ್ತಿ ನೋಡುವಾಗ ಏನೂ ಕಾಣುವುದಿಲ್ಲ, ಮತ್ತೆ ಸ್ಟಾರ್ಟ್ ಮಾಡಿದರೆ ಧಾರೆ ಸರಿಯಾಗಿರುತ್ತದೆ. ಹಾಗಾದರೆ ಅದೃಷ್ಟ, ಮುಂದೆ ಹೊರಡಿ. ಜೊಂಡಾದರೆ ಕೈಯಿಂದ ಬಿಡಿಸಿ. ಬಿಡಿಸುವ ಮುಂಚೆ ಕಿಲ್ ಸ್ವಿಚ್ಚಿನ ಕ್ಲಿಪ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಪ್ರೊಪೆಲ್ಲರ್ ಹತ್ತಿರ ಕೈ ಹೋಗುವ ಯಾವ ಕೆಲಸಕ್ಕೂ ಇದು ನಿಯಮ.

ಸೀಳುಗಳು ಚೊಕ್ಕಟವಾಗಿದ್ದೂ ಧಾರೆ ಬರದಿದ್ದರೆ, ಧಾರೆಯ ತೂತು ಮಾತ್ರ ಕಟ್ಟಿರಬಹುದು. ದಪ್ಪ ನೈಲಾನ್ ಗಾಳದ ದಾರವನ್ನು ತೂತಿನೊಳಗೆ ತೂರಿಸಿ ಆಡಿಸಿ. ತಂತಿ ಬೇಡ, ಒಳಗಿನ ಪೈಪ್ ಸೀಳುತ್ತದೆ. ಮರಳು, ಉಪ್ಪಿನ ಗಟ್ಟಿ, ಹುಳುವಿನ ಗೂಡು ಹೊರಬಂದು ಧಾರೆ ಶುರುವಾದರೆ ಎಂಜಿನ್ ಆರೋಗ್ಯವಾಗಿಯೇ ಇತ್ತು ಎಂದು ತಿಳಿಯಿರಿ.

ಅದೂ ಅಲ್ಲವಾದರೆ ಇಂಪೆಲ್ಲರ್. ಕೆಳಕಾಲಿನೊಳಗಿನ ರಬ್ಬರ್ ರೆಕ್ಕೆಚಕ್ರ. ನೀರಿಲ್ಲದೆ ಒಣಗಿ ಓಡಿದರೆ ನಿಮಿಷದೊಳಗೆ ರೆಕ್ಕೆ ಸುಟ್ಟು ಹರಿಯುತ್ತದೆ. ದಡದಲ್ಲಿ "ಸುಮ್ಮನೆ ಹತ್ತುತ್ತದೆಯೇ ನೋಡೋಣ" ಎಂದು ಒಣನೆಲದ ಮೇಲೆ ಎಂಜಿನ್ ಓಡಿಸುವವರು ಮರುದಿನ ನೀರಿನ ನಡುವೆ ಬೆಲೆ ತೆರುತ್ತಾರೆ. ಇದನ್ನು ನೀರಿನ ಮೇಲೆ ಬದಲಾಯಿಸುವ ಆಸೆ ಬಿಡಿ, ಕೆಳಕಾಲನ್ನೇ ಇಳಿಸಬೇಕಾಗುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಿ. ಹಳೆಯದರಲ್ಲಿ ರೆಕ್ಕೆ ಮುರಿದಿದ್ದರೆ ಮುರಿದ ತುಂಡುಗಳನ್ನು ಎಣಿಸಿ ಹುಡುಕಿ ತೆಗೆಯಬೇಕು. ಅವು ಮೇಲಿನ ನೀರಿನ ದಾರಿಯಲ್ಲಿ ಕುಳಿತರೆ ಹೊಸ ಇಂಪೆಲ್ಲರ್ ಹಾಕಿಯೂ ಎಂಜಿನ್ ಕಾಯುತ್ತದೆ.

ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ. ಮುಚ್ಚಳ ತೆಗೆದು ತಾನಾಗಿ ತಣಿಯಲು ಬಿಡಿ.

ದೂರತೀರ:
ಗಾಳದ ದಾರದ ಉಪಾಯ ಫಲಿಸಿತು. ಅರ್ಧ ಬೆರಳುದ್ದದ ಮಣ್ಣಿನ ಕಡ್ಡಿ ಹೊರಬಂತು, ಧಾರೆ ಮೊದಲಿನಂತಾಗಿದೆ. ಆಯಿಲ್ ಬೀಪ್ ಬಂದರೂ ಹೀಗೇ ಆರಿಸಬೇಕೇ?

ಕಡಲಗಾಳಿ:
ಇನ್ನೂ ಬೇಗ ಆರಿಸಬೇಕು. ನಾಲ್ಕು ಸ್ಟ್ರೋಕಿನಲ್ಲಿ ಆಯಿಲ್ ಒತ್ತಡ ಹೋದ ಮೇಲೆ ಓಡಿಸಿದ ಒಂದೊಂದು ನಿಮಿಷವೂ ಎಂಜಿನ್ನಿನ ಆಯುಷ್ಯದಿಂದ ಹೋಗುತ್ತದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ಮಟ್ಟ ನೋಡಿ. ಮಟ್ಟ ಏರಿದ್ದು, ಬಣ್ಣ ಹಾಲಿನಂತಿದ್ದರೆ ನೀರು ಸೇರಿದೆ, ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡೇ ಬನ್ನಿ.

ಮೀನುಗಾಳ:
ಪ್ರೊಪೆಲ್ಲರ್ ಬಗ್ಗೆ ನಾನು ಬರೆಯುತ್ತೇನೆ, ಅದರಲ್ಲಿ ನನಗೆ ಪದವಿಯೇ ಕೊಡಬಹುದು. ಸಣ್ಣ ಮತ್ತು ಹಳೆಯ ಮೋಟಾರುಗಳಲ್ಲಿ ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿರುವುದು ಒಂದು ಶಿಯರ್ ಪಿನ್. ಕಲ್ಲಿಗೋ ಮರದ ಬೊಡ್ಡೆಗೋ ಬಡಿದರೆ ಗೇರ್ ಮುರಿಯುವ ಬದಲು ಪಿನ್ ತುಂಡಾಗುತ್ತದೆ. ಸಾಯಲೆಂದೇ ಹುಟ್ಟಿದ ವಸ್ತು ಅದು. ಎರಡು ಪಿನ್, ಎರಡು ಸ್ಪ್ಲಿಟ್ ಪಿನ್, ಒಂದು ಇಕ್ಕಳ ದೋಣಿಯಲ್ಲಿ ಇರಲೇಬೇಕು. ಪಿನ್ ಇಲ್ಲವೆಂದು ಉಕ್ಕಿನ ಮೊಳೆ ತುರುಕುವವರನ್ನು ನೋಡಿದ್ದೇನೆ. ದಡ ಸೇರುವುದೇನೋ ಸೇರುತ್ತೀರಿ, ಆದರೆ ಮೊಳೆಯನ್ನು ಅಲ್ಲೇ ಮರೆತು ಇನ್ನೊಂದು ಕಲ್ಲಿಗೆ ಬಡಿದರೆ ಮುರಿಯುವುದು ಗೇರ್.

ದೊಡ್ಡ ಎಂಜಿನ್ನುಗಳಲ್ಲಿ ಪಿನ್ ಜಾಗದಲ್ಲಿ ರಬ್ಬರ್ ಹಬ್ ಇರುತ್ತದೆ. ಅದು ಜಾರತೊಡಗಿದರೆ ಥ್ರಾಟಲ್ ಕೊಟ್ಟಾಗ ಎಂಜಿನ್ ಕಿರುಚುತ್ತದೆ, ದೋಣಿ ಅಲ್ಲೇ ಇರುತ್ತದೆ. ಖಚಿತ ಮಾಡಿಕೊಳ್ಳಲು ಒಳಹಬ್ಬಿನಿಂದ ಹೊರಭಾಗದವರೆಗೆ ಮಾರ್ಕರಿನಲ್ಲಿ ಒಂದೇ ಗೆರೆ ಎಳೆಯಿರಿ; ಓಡಿಸಿದ ಮೇಲೆ ಗೆರೆ ಎರಡಾಗಿ ಬೇರೆ ಬೇರೆ ಕಡೆ ನಿಂತಿದ್ದರೆ ಹಬ್ ಜಾರಿದೆ. ಥ್ರಾಟಲ್ ಹಗುರವಾಗಿಟ್ಟು ಹೋದರೆ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತದೆ, ಮನೆ ಮುಟ್ಟಬಹುದು.

ಗಾಳದ ದಾರ ಸುತ್ತಿಕೊಂಡರೆ ಕತ್ತರಿಸಿ ಎಸೆದು ಮರೆಯಬೇಡಿ. ಅದು ದಂಡದ ಸೀಲಿನೊಳಗೆ ನುಸುಳಿ ಕೊರೆಯುತ್ತದೆ. ದಡಕ್ಕೆ ಬಂದ ಮೇಲೆ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ, ಹಾಲಿನ ಬಣ್ಣವಿದ್ದರೆ ಸೀಲ್ ಹೋಗಿದೆ.

ಹಿನ್ನೀರು:
ಬ್ಯಾಟರಿ ಸತ್ತರೆ ಹಗ್ಗ ಸುತ್ತಿ ಎಳೆದು ಸ್ಟಾರ್ಟ್ ಮಾಡಬಹುದಲ್ಲ? ಎಂಜಿನ್ನಿನ ಮೇಲೆ ತಿರುಗುವ ಚಕ್ರ, ಫ್ಲೈವೀಲಿನ ಕಚ್ಚಿನಲ್ಲಿ ಗಂಟು ಸಿಕ್ಕಿಸಿ.

ತಂತಿಗೂಡು:
ನಿಮ್ಮ ಎಂಜಿನ್ನಿಗೆ ಸರಿ. ಬ್ಯಾಟರಿಯನ್ನೇ ನಂಬಿರುವ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೂರ್ತಿ ಸತ್ತ ಬ್ಯಾಟರಿ ಇದ್ದರೆ ಎಷ್ಟು ಎಳೆದರೂ ಪ್ರಯೋಜನವಿಲ್ಲ; ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಬ್ಯಾಟರಿ ಇಲ್ಲದೆಯೂ ಹತ್ತುವ ಸಣ್ಣ ಇಂಜೆಕ್ಷನ್ ಎಂಜಿನ್ನುಗಳಿವೆ, ಕೈಪಿಡಿ ನೋಡಿ. ಇನ್ನೊಂದು ಅಪಾಯ: ತುರ್ತು ಹಗ್ಗದಲ್ಲಿ ಎಳೆಯುವಾಗ ಗೇರಿನಲ್ಲಿದ್ದರೂ ಎಂಜಿನ್ ಹತ್ತಿಬಿಡಬಹುದು, ನ್ಯೂಟ್ರಲ್ ರಕ್ಷಣೆ ಆಗ ಕೆಲಸ ಮಾಡುವುದಿಲ್ಲ. ದೋಣಿ ಮುಂದೆ ಚಿಮ್ಮಿದರೆ ಎಳೆಯುತ್ತಿದ್ದವರು ಹಿಂದೆ ನೀರಿಗೆ ಬೀಳುತ್ತಾರೆ, ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಗೇರ್ ಎರಡು ಸಲ ನೋಡಿ, ಕಿಲ್ ಸ್ವಿಚ್ಚಿನ ಹಗ್ಗವನ್ನು ಮೈಗೆ ಕಟ್ಟಿಕೊಳ್ಳಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಿಗೆ 2021ರ ಏಪ್ರಿಲ್ 1ರಿಂದ ಓಡುವಾಗ ಇದನ್ನು ಕಟ್ಟಿಕೊಳ್ಳುವುದು ಕಾನೂನಾಗಿದೆ. ಹೊಸದಾಗಿ ಹತ್ತಿದ ಎಂಜಿನ್ನಿನ ತೆರೆದ ಫ್ಲೈವೀಲಿನ ಹತ್ತಿರ ಅಂಗಿಯ ತೋಳು, ಉದ್ದ ಕೂದಲು ಹೋಗದಿರಲಿ.

ದೂರತೀರ:
ಎಥನಾಲ್ ಬೆರೆತ ಪೆಟ್ರೋಲ್ ಔಟ್‌ಬೋರ್ಡಿಗೆ ವಿಷ ಎನ್ನುತ್ತಾರೆ. ನಿಜವೇ?

ಸ್ಪ್ಯಾನರ್:
ವಿಷವಲ್ಲ, ಆದರೆ ಇಟ್ಟುಕೊಳ್ಳುವ ವಸ್ತುವಲ್ಲ. ನೂರಕ್ಕೆ ಹತ್ತು ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಕರಗಿಸಿ ಹಿಡಿದುಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚಾದರೆ, ಅಥವಾ ತಣ್ಣಗಾದರೆ, ನೀರೂ ಎಥನಾಲೂ ಸೇರಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಹೀರುಕೊಳವೆ ಇರುವುದೂ ತಳದಲ್ಲೇ. ಫಿಲ್ಟರಿನಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಬಾಟಲಿಗೆ ಇಳಿಸಿ ನಿಲ್ಲಿಸಿ. ಕೆಳಗೆ ಬೇರೆ ಪದರ ಕಂಡರೆ ಆ ಟ್ಯಾಂಕನ್ನು ಬಿಟ್ಟು ಬೇರೆ ಟ್ಯಾಂಕಿನಿಂದ ಓಡಿಸಿ. ಅಲ್ಲಾಡಿಸಿ ಬೆರೆಸುವುದರಿಂದ ಏನೂ ಆಗದು. ವಾರಗಟ್ಟಲೆ ದೋಣಿ ಇಳಿಸದವರು ಹಳೆಯ ಪೆಟ್ರೋಲ್ ಉಳಿಸಿಕೊಳ್ಳದಿರುವುದೇ ಮೇಲು. ಇಳಿಸಿದ್ದನ್ನು ನೀರಿಗೆ ಚೆಲ್ಲಬೇಡಿ, ಡಬ್ಬಿಯಲ್ಲಿ ದಡಕ್ಕೆ ತನ್ನಿ.

ಹೊಸದೋಣಿ:
ವರದಿ ಒಪ್ಪಿಸುತ್ತಿದ್ದೇನೆ. ಮುಚ್ಚಳ ತೆರೆದ ಪರೀಕ್ಷೆಯಲ್ಲಿ ಸದ್ದೂ ಇಲ್ಲ, ಬದಲಾವಣೆಯೂ ಇಲ್ಲ. ಎರವಲು ತಂದ ಪುಟ್ಟ ಟ್ಯಾಂಕ್ ಜೋಡಿಸಿದೆ: ಅರ್ಧ ಗಂಟೆ ಪೂರ್ತಿ ವೇಗ, ಒಮ್ಮೆಯೂ ಮುಗ್ಗರಿಸಲಿಲ್ಲ. ದಡಕ್ಕೆ ಬಂದು ತಳಹಲಗೆ ಎತ್ತಿ ಟ್ಯಾಂಕಿನ ಬಾಯಿಯಲ್ಲಿದ್ದ ಆಂಟಿ-ಸೈಫನ್ ವಾಲ್ವ್ ಬಿಚ್ಚಿದೆ. ಒಳಗಿನ ಪುಟ್ಟ ಗುಂಡು ಮತ್ತು ಸ್ಪ್ರಿಂಗ್ ಸುತ್ತ ಬಿಳಿಯ ಹುಡಿ ಗಟ್ಟಿಯಾಗಿ ಕೂತಿತ್ತು. ಬಾಯಿಂದ ಊದಿದರೆ ಕಷ್ಟಪಟ್ಟು ಗಾಳಿ ಹೋಗುತ್ತದೆ. ಪಕ್ಕದ ದೋಣಿಯವರು "ಗುಂಡು, ಸ್ಪ್ರಿಂಗ್ ಎರಡನ್ನೂ ಕಿತ್ತೆಸೆದು ಖಾಲಿ ಕೊಳವೆ ಹಾಕು, ಇನ್ನೆಂದೂ ತೊಂದರೆ ಬರುವುದಿಲ್ಲ" ಎನ್ನುತ್ತಿದ್ದಾರೆ.

ಮೀನುಗಾಳ:
ಅವರು ಹೇಳಿದ್ದು ಸರಿಯೇ ಇದೆ. ಎಷ್ಟೋ ಜನ ಹಾಗೆಯೇ ಓಡಿಸುತ್ತಾರೆ.

ಸ್ಪ್ಯಾನರ್:
ಮೀನುಗಾಳದವರೇ, ಇದರಲ್ಲಿ ನಿಮ್ಮ ಜೊತೆ ನಾನಿಲ್ಲ. ಆ ಗುಂಡು ಅಲ್ಲಿರುವುದು ಪೈಪ್ ಎಲ್ಲಾದರೂ ಸೀಳಿದಾಗ ಟ್ಯಾಂಕಿನ ಪೆಟ್ರೋಲೆಲ್ಲ ತಾನಾಗಿ ದೋಣಿಯ ತಳಕ್ಕೆ ಹರಿದು ಬರದಿರಲಿ ಎಂದು. ತಳದಲ್ಲಿ ಪೆಟ್ರೋಲ್ ನಿಂತರೆ ಒಂದು ಕಿಡಿ ಸಾಕು. ಒಂದು ಸಣ್ಣ ವಾಲ್ವಿನ ಖರ್ಚು ಉಳಿಸಲು ಬೆಂಕಿಯ ಮೇಲೆ ಕೂತು ಸವಾರಿ ಮಾಡಬೇಕೇ? ಅದೇ ಅಳತೆಯ ಹೊಸ ವಾಲ್ವ್ ಹಾಕಿ. ಜೊತೆಗೆ ವಾಲ್ವಿನಿಂದ ಬಲ್ಬಿನವರೆಗಿನ ಪೈಪಿನ ತುದಿಯನ್ನು ಕತ್ತರಿಸಿ ಒಳಗೆ ನೋಡಿ. ಒಳಪದರ ಸುಲಿದು ಪೊರೆಯಂತೆ ಜೋತಾಡುತ್ತಿದ್ದರೆ ಪೈಪೂ ಹೊಸದಾಗಲಿ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ.

ಮೀನುಗಾಳ:
ಬೆಂಕಿಯ ಮಾತು ನಾನು ಯೋಚಿಸಿರಲಿಲ್ಲ. ನನ್ನ ಮಾತು ಹಿಂದಕ್ಕೆ.

ದೂರತೀರ:
ಎಲ್ಲವನ್ನೂ ಮಾಡಿಯೂ ಎಂಜಿನ್ ಹತ್ತದಿದ್ದರೆ?

ಕಡಲಗಾಳಿ:
ಹತ್ತಿಸುವ ಹಟ ಬಿಟ್ಟು ಕರೆಯಿರಿ. ಬ್ಯಾಟರಿ ಬರಿದಾಗುವ ಮುಂಚೆ, ಬೆಳಕಿರುವಾಗಲೇ. ಕಡಲಿನಲ್ಲಾದರೆ ವಿಎಚ್‌ಎಫ್ ರೇಡಿಯೋ 16ನೆಯ ಚಾನೆಲ್, 156.8 ಮೆಗಾಹರ್ಟ್ಸ್. ಜೀವಕ್ಕೆ ಅಪಾಯವಿಲ್ಲ, ನೆರವು ಮಾತ್ರ ಬೇಕು ಎಂದಾದರೆ "ಪ್ಯಾನ್-ಪ್ಯಾನ್" ಎಂದು ಮೂರು ಸಲ. ದೋಣಿ ಮುಳುಗುತ್ತಿದ್ದರೆ, ಬೆಂಕಿ ಹತ್ತಿದ್ದರೆ, ಬಂಡೆಯ ಕಡೆ ಸರಿಯುತ್ತಿದ್ದು ಲಂಗರು ಹಿಡಿಯದಿದ್ದರೆ "ಮೇಡೇ". ಎಲ್ಲಿದ್ದೀರಿ, ಎಷ್ಟು ಜನ, ಏನಾಗಿದೆ, ಈ ಮೂರನ್ನು ಮೊದಲು ಹೇಳಿ. ಎಂಜಿನ್ನಿನ ಪೂರ್ವಕತೆ ಆಮೇಲೆ. ಮೊಬೈಲನ್ನು ನೀರು ತಾಗದ ಚೀಲದಲ್ಲಿಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಿ ಹೋಗಬೇಡಿ. ಒಂದು ಜೊತೆ ಹುಟ್ಟು ಇರಲಿ. 40 ಅಶ್ವಶಕ್ತಿಯ ದೋಣಿಯನ್ನು ಹುಟ್ಟು ಹಾಕಿ ದಡಕ್ಕೆ ತರಲಾರಿರಿ, ಆದರೆ ಬಂಡೆಯಿಂದ ಹತ್ತು ಮಾರು ಆಚೆ ತಳ್ಳಿಕೊಳ್ಳಬಲ್ಲಿರಿ.

ಹೊಸದೋಣಿ:
ಹೊಸ ವಾಲ್ವ್ ಬಂದಿದೆ, ಪೈಪಿನ ಒಳಪದರ ನಿಜಕ್ಕೂ ಸುಲಿದಿತ್ತು, ಅದೂ ಹೊಸದು. ವಾಲ್ವಿನ ತಿರುಪಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಬಹುದೇ?

ಸ್ಪ್ಯಾನರ್:
ಬೇಡ. ಟೇಪಿನ ಎಳೆ ಹರಿದು ಒಳಗೆ ಹೋದರೆ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತದೆ, ಮತ್ತೆ ಇಲ್ಲಿಗೇ ಬರುತ್ತೀರಿ. ಪೆಟ್ರೋಲ್ ತಡೆಯುವ ತಿರುಪು ಅಂಟು ಸಿಗುತ್ತದೆ, ಮೊದಲ ಒಂದೆರಡು ಸುತ್ತು ಬಿಟ್ಟು ತೆಳುವಾಗಿ ಹಚ್ಚಿ. ಟ್ಯಾಂಕ್ ಅಲ್ಯೂಮಿನಿಯಂ ಆಗಿದ್ದರೆ ಹಿತ್ತಾಳೆಯ ವಾಲ್ವ್ ಹಾಕಬೇಡಿ, ಎರಡು ಲೋಹ ಸೇರಿದ ಕಡೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಪೈಪಿಗೆ ಸ್ಟೇನ್‌ಲೆಸ್ ಕ್ಲಿಪ್. ಅಂಟು ಒಣಗಿದ ಮೇಲೆ ತಳಹಲಗೆ ಮುಚ್ಚದೆ, ಕೀಲಿ ಮುಟ್ಟದೆ, ಬಲ್ಬನ್ನು ಗಟ್ಟಿಯಾಗುವ ತನಕ ಒತ್ತಿ. ಬಲ್ಬಿನಿಂದ ಎಂಜಿನ್ನಿನವರೆಗಿನ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಕಾಯಿರಿ, ಬಟ್ಟೆಗೆ ಪೆಟ್ರೋಲ್ ವಾಸನೆ ಹತ್ತಬಾರದು. ಟ್ಯಾಂಕಿನ ಕಡೆಯ ಜೋಡಣೆಯಲ್ಲಿ ಇರುವುದು ಹೀರುವ ಬಲ, ಅಲ್ಲಿ ಸೋರಿದರೆ ಹೊರಗೆ ಹನಿಯದೆ ಗಾಳಿ ಒಳಸೇರುತ್ತದೆ. ಬಲ್ಬ್ ಗಟ್ಟಿಯಾಗಲು ಸತಾಯಿಸಿದರೆ ಆ ಕ್ಲಿಪ್ಪುಗಳನ್ನು ಮತ್ತೆ ಬಿಗಿ ಮಾಡಿ. ಆಮೇಲೆ ನೀರಿಗೆ ಇಳಿಸಿ.